ಬೆಂಗೇರಿ ಹಳೇ ನೆನಪು: ರವಿವಾರ ಎಲ್ಲಾರೂ ಬರ್ರಿ

ಎಲ್ಲಾರಿಗೂ ಶರಣ್ರಿ. ನಮ್ಮ ಹುಬ್ಬಳ್ಳಿ ಬೆಂಗೇರಿ ಇತಿಹಾಸ ಬರದಿಡೂ ಮಾತು ಆಗಿತ್ತಲ್ಲ, ಇನ್ನ ತಡಾ ಮಾಡೂದು ಬ್ಯಾಡ. ಕಂಡು ಕೇಳಿದ ಹಿರೇರು ವರ್ಷಾ ವರ್ಷಾ ಕಡಿಮಿ ಆಗಾಕತ್ತಾರ.

ಮೊದಲ ಖಾದಿ ಸಂಘದ್ದ ಬರಿಯೂಣು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ಕ್ಕ. ಇಲ್ಲಿ ತಯಾರಾಗೂ ಖಾದಿ ರಾಷ್ಟ್ರಧ್ವಜಕ್ಕ 2006ರಾಗ ಬಿಐಎಸ್ (ಮಾಲಿನ ಗುಣಮಟ್ಟ ನೋಡೂ ಕೇಂದ್ರದ ಸಂಸ್ಥೆ) ಮಾನ್ಯತೆ ಸಿಕ್ತು. ಮೇಜಿನ ಮ್ಯಾಲೆ ಇಡೂ 6 ಇಂಚಿನ ಧ್ವಜದಿಂದ ಹಿಡದು 21 ಅಡಿ ಉದ್ದ, 14 ಅಡಿ ಅಗಲದ್ದರ ತನಕ ಒಂಬತ್ತು ಅಳತಿ. ಹೊಲಿಯಾವ್ರು ಹೆಚ್ಚಾಗಿ ಹೆಣ್ಣುಮಕ್ಕಳ. ನಮ್ಮ ಓಣಿ ಅಕ್ಕಾರೊಬ್ಬರು ನನಗ ಅರಿವಿ ಬೆಳಕಿಗೆ ಹಿಡದು ತೋರಿಸಿದ್ರು: ಚಕ್ರದ 24 ಗೆರಿ ಎರಡೂ ಮಗ್ಗಲಿಗೆ ಒಂದರ ಮ್ಯಾಲೊಂದು ಕೂಡಬೇಕು, ಕೂದಲೆಳಿ ಸರದ್ರೂ ಆ ತುಂಡು ಬಾಜೂಕ. ಇಂಥಾ ಕೈಗಳ ಹೆಸರು ಎಲ್ಲೂ ಬರದಿಲ್ಲ ಅನ್ನೂದ ನನಗ ಭಾಳ ಸಂಕಟ.

2021ರ ಡಿಸೆಂಬರ್‌ದಾಗ ಪಾಲಿಸ್ಟರ್ ಧ್ವಜಕ್ಕೂ ಪರವಾನಗಿ ಕೊಟ್ಟ ಮ್ಯಾಲೆ ಈ ಕಸಬಿನ ಕತಿ ಹಿಡದಿಡೂದು ಇನ್ನೂ ಜರೂರ ಐತಿ.

ರವಿವಾರ ಸಂಜಿ 4ಕ್ಕ ನಮ್ಮ ಮನಿ ಕಟ್ಟಿಗೆ ಬರ್ರಿ. ಹಳೇ ಫೋಟೊ, ಹಾಜರಿ ಪುಸ್ತಕ, ಮನಿ ಉತಾರ ಏನಿದ್ರೂ ತರ್ರಿ. ಮೊಬೈಲ್‌ದಾಗ ಫೋಟೊ ಹೊಡಕೊಂಡು ಅಲ್ಲೇ ವಾಪಸ್ ಕೊಡ್ತೀವಿ. ಸಂತಿ ಮೊದಲ ಎಲ್ಲಿ ಕೂಡತಿತ್ತು, ಯಾವ ಭಾವಿ ನೀರು ಸಿಹಿ ಇತ್ತು, ಅದನ್ನೂ ಕೇಳೂದೈತಿ. ನಡಿಯಾಕ ಆಗದ ಅಜ್ಜ-ಅಮ್ಮಾರ ಮನಿಗೆ ನಾವ ಬರ್ತೀವಿ, ಹೆಸರಷ್ಟ ಇಲ್ಲೆ ಹಾಕ್ರಿ.