ಸಿ6 ಶ್ರುತಿಗೆ ಬೇರೆ ತಂತಿ ಬೇಕು

ಮಾನ್ಯರೇ,

ಬೆಂಗಳೂರಿನಲ್ಲಿ ಹವಾಯಿಯನ್ ಗಿಟಾರ್ ಕಲಿಯುವ ಹಲವರು ಸಾಧಾರಣ ಗಿಟಾರಿಗೇ ಎತ್ತರದ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕೂರಿಸಿ ತೊಡೆಯ ಮೇಲಿಟ್ಟು ನುಡಿಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಅದೇ ತಂತಿಗಳನ್ನು, ದಪ್ಪ ತಂತಿಯಿಂದ ತೆಳ್ಳನೆಯದರತ್ತ ಸಿ-ಇ-ಜಿ-ಎ-ಸಿ-ಇ ಎಂಬ ಸಿ6 ಶ್ರುತಿಗೆ ದಯವಿಟ್ಟು ಎಳೆಯಬೇಡಿ. ತೆಳ್ಳನೆಯ ಕಡೆಯಿಂದ ಎಣಿಸಿದರೆ ನಾಲ್ಕನೇ ತಂತಿ ‘ಡಿ’ಯಿಂದ ‘ಜಿ’ಗೆ ಐದು ಅರೆಸ್ವರ ಏರಬೇಕು, ತುಂಡಾಗುವ ಸಂಭವವೇ ಹೆಚ್ಚು, ಐದನೆಯದು ಅಷ್ಟೇ ಇಳಿದು ಜೋತುಬೀಳುತ್ತದೆ. ಸಿ6ಗೆ ಬೇರೆ ದಪ್ಪದ ಸೆಟ್ಟೇ ಬೇಕು. ಇರುವ ತಂತಿಗೆ ಓಪನ್ ಜಿ ಶ್ರುತಿ ಕ್ಷೇಮ: ಒಂದು, ಐದು, ಆರನೆಯವನ್ನು ಎರಡೆರಡು ಅರೆಸ್ವರ ಇಳಿಸಿದರೆ ಡಿ-ಜಿ-ಡಿ-ಜಿ-ಬಿ-ಡಿ ಸಿಗುತ್ತದೆ.

ತಂತಿಗಳ ಮೇಲೆ ಜಾರಿಸುವ ಬಾರ್ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಯ) ನೇರ ಮೇಲೇ ನಿಲ್ಲಬೇಕು, ನಟ್ ಕಡೆಗೆ ಹಿಂದೆ ಸರಿದರೆ ಸ್ವರ ಇಳಿಯುತ್ತದೆ. ಬಾರಿನ ಹಿಂದೆ ಉಂಗುರಬೆರಳು, ಕಿರುಬೆರಳು ತಂತಿಗೆ ಹಗುರಾಗಿ ತಾಗಿರಲಿ. ಇಲ್ಲದಿದ್ದರೆ ಬೇಡದ ನಾದ ಏಳುತ್ತದೆ. ನಗರದ ವಾದ್ಯದ ಅಂಗಡಿಗಳು ಸಿ6 ಸೆಟ್ ತರಿಸಿಡಲಿ.

– ಗಿಟಾರ್ ಶಿಕ್ಷಕರು, ಮಲ್ಲೇಶ್ವರ, ಬೆಂಗಳೂರು