ಸೂರಿನ ಹನಿ

ಶಿಕಾಗೋ
ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಾಲೆಗೆ ನೀರು ಬಿಟ್ಟರು ಅಂತ ಅಪ್ಪ ಹೇಳಿದಾಗಿನಿಂದ ಮನಸ್ಸೆಲ್ಲ ಪಾಂಡವಪುರದ ಗದ್ದೆಯಲ್ಲೇ ಇದೆ. ನಾಟಿ ಮುಗಿಯಿತಾ?

ಅಮ್ಮ, "ದಿನವೆಲ್ಲ ಆ ಲ್ಯಾಬಿನಲ್ಲಿ ಏನು ಮಾಡ್ತೀಯ?" ಅಂತ ಕೇಳಿದ್ದೆಯಲ್ಲ, ಅದಕ್ಕೇ ಈ ಕಾಗದ. ಹನಿ ಬೀಳಿಸುತ್ತೇನೆ. ಒಣಗಿದ ಗಾಜಿನ ಮೇಲೆ ಒಂದೊಂದೇ ಹನಿ ಬೀಳಿಸಿ, ಅದು ಯಾವಾಗ ಸುಮ್ನೆ ಹರಡುತ್ತದೆ, ಯಾವಾಗ ಸಿಡಿಯುತ್ತದೆ ಅಂತ ನೋಡುತ್ತೇನೆ.

ಈ ಕೆಲಸ ನಾನು ಕಲಿತದ್ದು ನಮ್ಮ ಹಳೇ ಹೆಂಚಿನ ಮನೆಯ ಜಗಲಿಯಲ್ಲಿ. ನೆನಪಿದೆಯಾ? ಮುಂಗಾರಿನ ಮೊದಲ ಹನಿ ಅಂಗಳದ ಧೂಳಿಗೆ ಬಿದ್ದರೆ ಕೂಡಲೇ ಇಂಗುತ್ತಿರಲಿಲ್ಲ. ಮೈಗೆಲ್ಲ ಧೂಳು ಸುತ್ತಿಕೊಂಡು, ಗೋಲಿಯ ಹಾಗೆ ಸ್ವಲ್ಪ ದೂರ ಉರುಳುತ್ತಿತ್ತು. ಮಳೆ ಹಿಡಿದ ಮೇಲೆ ಸೂರಿನ ನೀರು ನೆಲಕ್ಕೆ ಹೊಡೆದು, ನೀನು ಸುಣ್ಣ ಬಳಿದ ಗೋಡೆಗೆ ಮೊಣಕಾಲೆತ್ತರ ಕೆಂಪು ಹತ್ತುತ್ತಿತ್ತು. ನೀನು ಎಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದೆ!

ಇಲ್ಲಿ ಅದನ್ನೇ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ನೋಡುತ್ತೇನೆ. ಹನಿ ಗಾಜನ್ನು ಮುಟ್ಟಿದ ತಕ್ಷಣ ಅದರ ಬುಡದಿಂದ ತೆಳ್ಳನೆಯ ಹಾಳೆಯೊಂದು ಸುತ್ತಲೂ ಓಡುತ್ತದೆ. ಮೇಲಿನ ಅರ್ಧ ಹನಿ ಇನ್ನೂ ಗುಂಡಗೇ ಇರುತ್ತದೆ, ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ. ಹಾಳೆಯ ಅಂಚು ದಪ್ಪವಾಗುತ್ತದೆ. ವೇಗ ಜಾಸ್ತಿ ಇದ್ದರೆ ಆ ಅಂಚು ಗಾಜನ್ನು ಬಿಟ್ಟು ಮೇಲೇಳುತ್ತದೆ, ಹರಿದು ಚೂರಾಗುತ್ತದೆ, ಸಾಸಿವೆಗಿಂತ ಸಣ್ಣ ಹನಿಗಳಾಗಿ ಹಾರುತ್ತದೆ. ಎಲ್ಲ ಮುಗಿಯೋದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಬಿದ್ದ ರಭಸ ನೀರನ್ನು ಹೊರಕ್ಕೆ ತಳ್ಳುತ್ತದೆ. ನೀರಿನ ಮೇಲ್ಮೈ ಅದನ್ನು ಒಟ್ಟಿಗೆ ಹಿಡಿದು ಒಳಕ್ಕೆ ಎಳೆಯುತ್ತದೆ. ದ್ರವ ಮಂದವಾಗಿದ್ದರೆ ಅದೇ ಬ್ರೇಕು. ಆಲೆಮನೆಯಲ್ಲಿ ಬೆಲ್ಲದ ಪಾಕ ಕಲ್ಲಿನ ಮೇಲೆ ತೊಟ್ಟಿಕ್ಕಿದರೆ ನಿಧಾನವಾಗಿ ಹರಡುತ್ತದೆ, ನೀರಿನಂತೆ ಸಿಡಿಯುವುದಿಲ್ಲ, ಅಲ್ವಾ?

ಆದರೆ ನನ್ನನ್ನು ಹಿಡಿದಿಟ್ಟಿರುವುದು ಗಾಳಿ. ಇದೇ ಊರಿನ ಶಿಕಾಗೋ ವಿಶ್ವವಿದ್ಯಾಲಯದವರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪೆಟ್ಟಿಗೆಯೊಳಗೆ ನಯವಾದ ಗಾಜಿಟ್ಟು, ಆಲ್ಕೋಹಾಲಿನ ಹನಿ ಬೀಳಿಸಿದರು. ಚೆನ್ನಾಗಿ ಸಿಡಿಯಿತು. ಆಮೇಲೆ ಪೆಟ್ಟಿಗೆಯ ಗಾಳಿ ಎಳೆಯುತ್ತಾ ಹೋದರು. ಒತ್ತಡ ಮೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿದಾಗ ಸಿಡಿಯೋದೇ ನಿಂತುಹೋಯಿತು! ಅದೇ ಹನಿ, ಅದೇ ಎತ್ತರ, ಅದೇ ಗಾಜು. ಓಡುವ ಹಾಳೆಯ ಅಂಚಿನಡಿ ಸುತ್ತಲಿನ ಗಾಳಿ ನುಗ್ಗಿ ಎತ್ತುವುದರಿಂದ ಅದು ಸಿಡಿಯುತ್ತದೆ ಅಂತ ಹಲವರ ವಿವರಣೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ವರ್ಷ ಜಗಲಿಯಲ್ಲಿ ಕೂತು ನೀರನ್ನೇ ನೋಡಿದ್ದೆ, ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಮ್ಮ ಅಂಗಳದಂಥ ಒರಟು ನೆಲದ ಮಾತು ಬೇರೆ. ಅಲ್ಲಿ ಉಬ್ಬುತಗ್ಗುಗಳೇ ಹನಿಯನ್ನು ಒಡೆದುಹಾಕುತ್ತವೆ.

ಅಪ್ಪ, ಇದು ನಿನಗೆ. ಭತ್ತದ ಎಲೆಗೆ ನೀರು ಅಂಟುವುದಿಲ್ಲ. ಅದರ ಮೇಲೆ ಮೇಣದ ಸಣ್ಣ ಸಣ್ಣ ಉಬ್ಬುಗಳಿವೆ. ಔಷಧಿ ಹೊಡೆದಾಗ ದಪ್ಪ ಹನಿಗಳು ಪುಟಿದು ಗದ್ದೆಯ ನೀರಿಗೆ ಬೀಳುತ್ತವೆ. ದುಡ್ಡೂ ಹೋಯಿತು, ನೀರೂ ಕೆಟ್ಟಿತು. ಔಷಧಿಗೆ ಅಂಟು ಬೆರೆಸು ಅನ್ನುತ್ತಾರಲ್ಲ, ಅದು ನೀರಿನ ಮೇಲ್ಮೈಯ ಬಿಗಿತ ಕಡಿಮೆ ಮಾಡಿ ಹನಿ ಎಲೆಯ ಮೇಲೆ ಹರಡಿ ಕೂರುವ ಹಾಗೆ ಮಾಡುತ್ತದೆ. ಸುಮ್ನೆ ಮಾರಾಟಕ್ಕೆ ಹೇಳುವ ಮಾತಲ್ಲ. ಪಂಪಿನ ನಾಜಲ್ ಸವೆದು ತೂತು ದೊಡ್ಡದಾಗಿದ್ದರೆ ಅದನ್ನೂ ಬದಲಾಯಿಸು.

ಅಮ್ಮ, ಮಳೆ ಬಂದ ದಿನ ತಂಗಿಯ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ, ಸೂರಿನಡಿಯ ಚಪ್ಪಡಿ ಕಲ್ಲಿನ ಪಕ್ಕ ಇಡಿಸು. ಮೊದಲ ಹನಿಗಳೇ ಬೇಕು, ಕಲ್ಲು ಇನ್ನೂ ಒಣಗಿರುವಾಗಲೇ. ಒಮ್ಮೆ ನೆನೆದರೆ ಹನಿ ಬೀಳುವುದು ನೀರಿನ ಮೇಲೆ, ಕಲ್ಲಿನ ಮೇಲಲ್ಲ.

ನಿಮ್ಮ ಪ್ರೀತಿಯ ಮಗ