ಮಲೆನಾಡಿನ ಮಣ್ಣಿಗೊಂದು ಕಲ್ಚರ್ ಬ್ಯಾಂಕ್ ಕೊಡಿ: ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ರಸ್ತೆ, ಕಾಲುಸಂಕ, ಅಡಿಕೆ ಬೆಲೆ, ಕಾಡುಕೋಣದ ಕಾಟ, ಬಗರ್‌ಹುಕುಂ ಅರ್ಜಿ... ಈ ಜಿಲ್ಲೆಯಿಂದ ನಿಮ್ಮ ಮೇಜಿಗೆ ಬರುವ ಪತ್ರಗಳಲ್ಲಿ ಏನಿರುತ್ತದೆ ಎಂದು ಊಹಿಸಬಲ್ಲೆ. ಅವೆಲ್ಲ ನ್ಯಾಯವಾದ ಬೇಡಿಕೆಗಳೇ. ನನ್ನದು ಆ ಸಾಲಿಗೆ ಸೇರುವಂಥದ್ದಲ್ಲ. ಕಣ್ಣಿಗೆ ಕಾಣದ ಜೀವಿಗಳ ಪರವಾಗಿ ಬರೆಯುತ್ತಿದ್ದೇನೆ. ಅವಕ್ಕೆ ವೋಟೂ ಇಲ್ಲ.

ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ನಮ್ಮ ಮಣ್ಣಿನಲ್ಲಿ ಆ್ಯಂಟಿಬಯೋಟಿಕ್ ತಯಾರಿಸುವ ಜೀವಾಣುಗಳನ್ನು ಹುಡುಕುವ ಕೆಲಸ ಇಲ್ಲಿ ವರ್ಷವರ್ಷವೂ ನಡೆಯುತ್ತಿದೆ. ಸಿಕ್ಕಿದ್ದನ್ನು ಜೋಪಾನ ಮಾಡುವ ಕೆಲಸ ನಡೆಯುತ್ತಿಲ್ಲ. ಅದಕ್ಕೊಂದು ಕಲ್ಚರ್ ಬ್ಯಾಂಕ್, ಅಂದರೆ ಬೆಳೆಸಿದ ಜೀವಾಣುಗಳನ್ನು (ಕಲ್ಚರ್) ಜೀವಂತವಾಗಿ ಕಾಪಿಡುವ ವ್ಯವಸ್ಥೆ, ಮಾಡಿಕೊಡಿ ಎನ್ನುವುದೇ ಈ ಪತ್ರದ ಸಾರ.

ಹುಡುಕುವುದು ಅಂದರೆ ಏನೆಂದು ಸ್ವಲ್ಪ ವಿವರಿಸುತ್ತೇನೆ. ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನೂರಿನ ಸೊಪ್ಪಿನಬೆಟ್ಟದಿಂದಲೋ ತೋಟದ ಬುಡದಿಂದಲೋ ಒಂದು ಹಿಡಿ ಮಣ್ಣು ತರುತ್ತಾಳೆ. ಅದನ್ನು ನೆರಳಲ್ಲಿ ಒಣಗಿಸಿ, ಹದವಾಗಿ ಬಿಸಿ ಮಾಡಿ, ನೀರಲ್ಲಿ ಕದಡಿ, ಮತ್ತೆ ಮತ್ತೆ ತೆಳು ಮಾಡಿ, ಪಿಷ್ಟ ಬೆರೆಸಿದ ಅಗರ್ ಎಂಬ ಜೆಲ್ಲಿಯ ಪ್ಲೇಟಿನ ಮೇಲೆ ಹರಡುತ್ತಾಳೆ. ಸಾಮಾನ್ಯ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರೊಳಗೆ ಲೋಳೆಲೋಳೆಯಾಗಿ ಹಬ್ಬಿಬಿಡುತ್ತವೆ. ನಮಗೆ ಬೇಕಾದವು ನಿಧಾನದವು. ವಾರ, ಹತ್ತು ದಿನ ಕಳೆದ ಮೇಲೆ ಸುಣ್ಣದ ಪುಡಿ ಉದುರಿಸಿದಂಥ ಬೂದು-ಬಿಳಿ ಚುಕ್ಕೆಗಳು ಏಳುತ್ತವೆ. ಸೂಜಿಯಿಂದ ಕೆದಕಿದರೆ ಸುಲಭಕ್ಕೆ ಬರುವುದಿಲ್ಲ, ಅಗರ್ ಒಳಗೇ ಬೇರು ಬಿಟ್ಟು ಕೂತಿರುತ್ತವೆ. ಮುಚ್ಚಳ ತೆಗೆದರೆ ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆ ಹುಟ್ಟಿಸುವವು ಇವೇ. ಇವುಗಳ ಹೆಸರು ಸ್ಟ್ರೆಪ್ಟೋಮೈಸಿಸ್. 1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಇಂಥದ್ದೇ ಒಂದು ಚುಕ್ಕೆಯಿಂದ ಸ್ಟ್ರೆಪ್ಟೋಮೈಸಿನ್ ಪಡೆದ ಮೇಲೆಯೇ ಕ್ಷಯರೋಗಕ್ಕೆ ಮದ್ದು ಅನ್ನುವುದು ಬಂದದ್ದು.

ಆಮೇಲೆ ಪರೀಕ್ಷೆ. ಕೀವು ಹುಟ್ಟಿಸುವ ಸ್ಟ್ಯಾಫೈಲೋಕಾಕಸ್ ಅನ್ನು ಪ್ಲೇಟಿನ ತುಂಬ ಬಳಿದು, ಅದರ ಮೇಲೆ ಈ ಚುಕ್ಕೆಯ ಒಂದು ತುಣುಕನ್ನು ಇಡುತ್ತೇವೆ. ಮರುದಿನ ತುಣುಕಿನ ಸುತ್ತ ಏನೂ ಬೆಳೆಯದ ಸ್ವಚ್ಛ ಬಳೆ ಕಂಡರೆ ಹುಡುಗಿಯ ಮುಖ ಅರಳುತ್ತದೆ. ಸ್ಕೇಲಿಟ್ಟು ಅಳೆದು, ಫೋಟೋ ತೆಗೆದು, ಪ್ರಾಜೆಕ್ಟ್ ವರದಿ ಬೈಂಡ್ ಮಾಡಿಸುತ್ತಾಳೆ. ವೈವಾ ಮುಗಿಯುತ್ತದೆ. ಅಲ್ಲಿಗೆ ಆ ಜೀವಾಣುವಿನ ಕಥೆಯೂ ಮುಗಿಯುತ್ತದೆ.

ಪ್ಲೇಟುಗಳು ಮುಂದಿನ ಬ್ಯಾಚಿಗೆ ಬೇಕು, ಆದ್ದರಿಂದ ಎಲ್ಲವೂ ಬಿಸಿ ಹಬೆಯಲ್ಲಿ ಜೀವಾಣು ಕೊಲ್ಲುವ ಆಟೋಕ್ಲೇವಿಗೆ ಹೋಗುತ್ತವೆ. ಒಂದೆರಡನ್ನು ಗ್ಲಿಸರಾಲ್ ಹಾಕಿ ಫ್ರೀಜರಿನಲ್ಲಿ ಇಟ್ಟರೂ, ಪುಷ್ಯ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಅನ್ನುವುದು ನಿಮಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಹೀಗೇ ಆಯಿತು. ಫ್ರೀಜರ್ ಬಾಗಿಲು ತೆಗೆದರೆ ತಳದಲ್ಲಿ ನೀರು ನಿಂತಿತ್ತು, ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಕುಸಿದಿತ್ತು, ವಯಲ್‌ಗಳ ಮೇಲೆ ಬರೆದ ಇಂಕು ಕದಡಿ ಯಾವುದು ಯಾವ ಊರಿನ ಮಣ್ಣಿನದೆಂದು ಓದಲಾಗಲಿಲ್ಲ. ಹೆಸರು ಅಳಿಸಿದ ಕಲ್ಚರ್ ಇದ್ದೂ ಇಲ್ಲದ್ದೇ. ಅದನ್ನು ನೋಡಿಕೊಳ್ಳುವವರಾದರೂ ಯಾರು? ಅತಿಥಿ ಉಪನ್ಯಾಸಕರು. ನಾವೇ ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಎಂಬುದು ಕೌನ್ಸೆಲಿಂಗ್ ಮುಗಿದ ಮೇಲೆ ಗೊತ್ತಾಗುವ ವಿಚಾರ.

ಇದರಿಂದ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಪೆನಿಸಿಲಿನ್ ಚರಿತ್ರೆಯಲ್ಲಿ ಉತ್ತರವಿದೆ. ಫ್ಲೆಮಿಂಗ್ 1928ರಲ್ಲಿ ಬೂಸ್ಟಿನಲ್ಲಿ ಅದನ್ನು ಕಂಡರು, ಅದು ಎಲ್ಲರಿಗೂ ಗೊತ್ತು. ಆದರೆ 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟಾಗ ಆತ ಚೇತರಿಸಿಕೊಳ್ಳುತ್ತಿದ್ದಂತೆ ಔಷಧಿಯೇ ಮುಗಿದುಹೋಯಿತು. ಆತನ ಮೂತ್ರದಿಂದ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಅವನಿಗೇ ಚುಚ್ಚಿದರು. ಅದೂ ಸಾಲದೆ ಆತ ತೀರಿಕೊಂಡ. ಔಷಧಿಯ ಗುಣದಲ್ಲಿ ದೋಷ ಇರಲಿಲ್ಲ. ಆ ಬೂಸ್ಟು ಒಂದು ಮಿಲಿಲೀಟರಿಗೆ ಒಂದೆರಡು ಯೂನಿಟ್ ಕೊಡುತ್ತಿತ್ತು, ಅಷ್ಟೇ.

ಮುಂದಿನದು ಅಮೆರಿಕದ ಪಿಯೋರಿಯಾ ಎಂಬ ಊರಿನ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ನಡೆಯಿತು. 1943ರಲ್ಲಿ ಅಲ್ಲಿನ ಹಣ್ಣಿನ ಮಾರುಕಟ್ಟೆಯ ಒಂದು ಕೊಳೆತ ಕರ್ಬೂಜದ ಮೇಲೆ ಸಿಕ್ಕ ಬೂಸ್ಟು ಫ್ಲೆಮಿಂಗರದ್ದಕ್ಕಿಂತ ಹಲವು ಪಟ್ಟು ಹೆಚ್ಚು ಪೆನಿಸಿಲಿನ್ ಕೊಟ್ಟಿತು. ಆ ಪ್ರಯೋಗಾಲಯದಲ್ಲಿ ಕಲ್ಚರ್ ಸಂಗ್ರಹ ಇತ್ತು. ಬೂಸ್ಟಿಗೆ 1951 ಎಂಬ ನಂಬರು ಬಿತ್ತು, ಕಪಾಟಿಗೆ ಹೋಯಿತು, ಕೇಳಿದ ವಿಜ್ಞಾನಿಗಳಿಗೆ ಅದರ ತುಣುಕು ಹೋಯಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಅದಕ್ಕೆ ಎಕ್ಸ್‌ರೇ ಹಾಯಿಸಿದರು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅತಿನೇರಳೆ ಕಿರಣ ಹಾಯಿಸಿದರು, ಪ್ರತಿ ಸಲ ಹೆಚ್ಚು ಕೊಡುವುದನ್ನು ಮಾತ್ರ ಆರಿಸಿ ಮುಂದುವರಿಸಿದರು. ಕ್ಯೂ-176 ಎಂಬ ತಳಿ ಸಾವಿರ ಯೂನಿಟ್ಟಿನ ಆಸುಪಾಸಿಗೆ ಬಂತು. ಜಗತ್ತಿನ ಕಾರ್ಖಾನೆಗಳು ಇವತ್ತು ಬಳಸುವ ಪೆನಿಸಿಲಿನ್ ತಳಿಗಳ ವಂಶವೃಕ್ಷ ಆ ಕರ್ಬೂಜಕ್ಕೇ ಹೋಗಿ ನಿಲ್ಲುತ್ತದೆ.

ತಳಿ ಸುಧಾರಣೆ ಎಂದರೆ ಇದೇ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟದ ಎಲ್ಲ ಮರದ ಗೋಟನ್ನೂ ಯಾರೂ ಬೀಜಕ್ಕೆ ಹಾಕುವುದಿಲ್ಲ, ತಾಯಿಮರ ನೋಡಿ ಆರಿಸುತ್ತಾರೆ, ಅದರ ಸಸಿಯಲ್ಲಿ ಮತ್ತೆ ಆರಿಸುತ್ತಾರೆ. ಮರಕ್ಕೆ ವರ್ಷಗಳು ಬೇಕು, ಜೀವಾಣುವಿಗೆ ವಾರಗಳು ಸಾಕು. ಆದರೆ ತಾಯಿಯನ್ನೇ ಪ್ರತಿ ವರ್ಷ ಕಡಿದು ಒಲೆಗೆ ಹಾಕಿದರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ನಮ್ಮ ಹುಡುಗರು ಪ್ರತಿ ವರ್ಷ ಒಂದನೇ ಮೆಟ್ಟಿಲಿನಿಂದಲೇ ಶುರು ಮಾಡುತ್ತಾರೆ, ಎರಡನೆಯದಕ್ಕೆ ಕಾಲಿಡುವ ಹೊತ್ತಿಗೆ ಕೋರ್ಸು ಮುಗಿದಿರುತ್ತದೆ.

ನಾನು ಚಿನ್ನದ ಗಣಿ ತೋರಿಸುತ್ತೇನೆ ಎಂದು ಆಸೆ ಹುಟ್ಟಿಸಲಾರೆ. ಮಣ್ಣಿನ ಇಂಥ ನೂರು ಜೀವಾಣು ತೆಗೆದರೆ ಹತ್ತರ ಆಸುಪಾಸು ಸ್ಟ್ರೆಪ್ಟೋತ್ರಿಸಿನ್ ಎಂಬ ಹಳೆಯ ವಿಷಕಾರಿ ವಸ್ತುವನ್ನೇ ಮಾಡುತ್ತವೆ, ಒಂದು ಸ್ಟ್ರೆಪ್ಟೋಮೈಸಿನ್ ಮಾಡುತ್ತದೆ, ಎರಿತ್ರೋಮೈಸಿನ್ ಬೇಕೆಂದರೆ ಲಕ್ಷಗಟ್ಟಲೆ ತಡಕಬೇಕು ಎಂಬುದು ಈ ಕ್ಷೇತ್ರದವರ ಅಂದಾಜು. ಹಾಗಾಗಿ ಸ್ವಚ್ಛ ಬಳೆ ಕಂಡ ಮಾತ್ರಕ್ಕೆ ಹೊಸ ಔಷಧಿ ಸಿಕ್ಕಿತೆಂದು ಪೇಪರಿನಲ್ಲಿ ಸುದ್ದಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಂಗನ ಕಾಯಿಲೆಗೂ ಇದಕ್ಕೂ ಗಂಟು ಹಾಕಬೇಡಿ. ಅದು ವೈರಸ್, ಆ್ಯಂಟಿಬಯೋಟಿಕ್ ಅದರ ಹತ್ತಿರವೂ ಸುಳಿಯದು. ಔಷಧಿ ಸಿಕ್ಕರೂ ಲಾಭ ಖಾತ್ರಿಯಿಲ್ಲ. ಅಮೆರಿಕದ ಅಕಾವೋಜೆನ್ ಕಂಪನಿ 2018ರಲ್ಲಿ ಹೊಸ ಆ್ಯಂಟಿಬಯೋಟಿಕ್‌ಗೆ ಅನುಮತಿ ಪಡೆದು 2019ರಲ್ಲಿ ದಿವಾಳಿ ಎದ್ದಿತು. ಆದ್ದರಿಂದಲೇ ಇದು ಖಾಸಗಿಯವರು ಮಾಡಲಿ ಎಂದು ಬಿಡುವ ಕೆಲಸವಲ್ಲ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕು 2019ರಲ್ಲಿ ಜಗತ್ತಿನಲ್ಲಿ ನೇರವಾಗಿಯೇ 12.7 ಲಕ್ಷ ಜನರ ಜೀವ ತೆಗೆದಿದೆ ಎಂಬ ಅಂದಾಜಿದೆ. ಹಳೇ ಮದ್ದುಗಳು ಒಂದೊಂದಾಗಿ ಕೈಕೊಡುತ್ತಿವೆ.

ಇನ್ನೊಂದು ಮಾತು. ಜೀವಾಣು ಕೊಡುವುದು ಆಸ್ಪತ್ರೆಯ ಮದ್ದನ್ನು ಮಾತ್ರವಲ್ಲ. ಜಪಾನಿನ ನಾರಾ ಊರಿನ ಕಸುಗ ದೇವಾಲಯದ ಮಣ್ಣಿನಿಂದ ಸಿಕ್ಕ ಸ್ಟ್ರೆಪ್ಟೋಮೈಸಿಸ್ ಒಂದರಿಂದ 1960ರ ದಶಕದಲ್ಲಿ ಉಮೆಜಾವಾ ಅವರ ತಂಡ ಕಸುಗಮೈಸಿನ್ ತೆಗೆಯಿತು. ಭತ್ತದ ಬೆಂಕಿರೋಗಕ್ಕೆ ಅದು ಮದ್ದು. ನಮ್ಮ ಗೊಬ್ಬರದಂಗಡಿಗಳಲ್ಲೂ ಸಿಗುತ್ತದೆ. ದೇವರಕಾಡು ನಮ್ಮಲ್ಲಿ ಕಡಿಮೆಯೇ? ಸೊರಬದ ಕಾನುಗಳು, ಸಾಗರದ ಕಡೆಯ ರಾಮಪತ್ರೆ ಜಡ್ಡಿಗಳು, ಆಗುಂಬೆ ಘಾಟಿಯ ಕೊಳೆತ ದರಕು, ಒಂದೊಂದರ ಮಣ್ಣೂ ಬೇರೆ. ಅಡಿಕೆಯ ಕೊಳೆರೋಗಕ್ಕೆ ನಾವು ಇವತ್ತಿಗೂ ಹೊಡೆಯುತ್ತಿರುವುದು ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ರೂಢಿಗೆ ತಂದ ಬೋರ್ಡೋ ದ್ರಾವಣವನ್ನೇ. ಮೈಲುತುತ್ತ, ಸುಣ್ಣ. ಅದು ಒಳ್ಳೆಯ ಮದ್ದೇ. ಆದರೆ ಎಡೆಬಿಡದ ಮಳೆಯಲ್ಲಿ ಮರ ಹತ್ತಲು ಕೊನೆಗೌಡರು ಸಿಗದೆ ತೋಟದವರು ಪಡುವ ಪಾಡು ನಿಮಗೂ ಗೊತ್ತು. ಕೊಳೆ ತರುವ ಫೈಟಾಫ್ತೊರಾ ಎಂಬ ರೋಗಾಣುವನ್ನು ಅದುಮಿಡಬಲ್ಲ ಮಣ್ಣಿನ ಜೀವಾಣು ನಮ್ಮ ತೋಟಗಳಲ್ಲೇ ಇರಬಹುದು. ಪ್ಲೇಟಿನ ಮೇಲೆ ಹಾಗೆ ಅದುಮುವವನ್ನು ನಾನೇ ಕಂಡಿದ್ದೇನೆ. ಪ್ಲೇಟಿನಿಂದ ಮರದ ತುದಿಯವರೆಗಿನ ದಾರಿ ಬಹಳ ದೂರ, ಅದನ್ನು ನಡೆಯಲು ಒಂದೇ ತಳಿಯ ಮೇಲೆ ಐದಾರು ವರ್ಷ ಕೂರಬೇಕು. ತಳಿ ಐದಾರು ವರ್ಷ ಬದುಕಿರಬೇಕಲ್ಲ.

ನಮ್ಮವರಿಗೆ ಇದು ಕೈಲಾಗದ ವಿದ್ಯೆಯೂ ಅಲ್ಲ. ಪುಣೆ ಹತ್ತಿರದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆಯಲ್ಲಿ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ನಮ್ಮ ದೇಶದ ಮಣ್ಣಿನಿಂದಲೇ ಹಮೈಸಿನ್, ಔರಿಯೋಫಂಗಿನ್ ಎಂಬ ಶಿಲೀಂಧ್ರನಾಶಕಗಳನ್ನು ತೆಗೆದರು. ಆಮೇಲೆ ದೇಶ ಪೆನಿಸಿಲಿನ್‌ಗೂ ಚೀನಾದ ಕಡೆ ನೋಡುವ ಸ್ಥಿತಿಗೆ ಬಂದು, 2020ರಲ್ಲಿ ಔಷಧಿಗಳ ಕಚ್ಚಾವಸ್ತು ಇಲ್ಲೇ ತಯಾರಿಸಲೆಂದು ಕೇಂದ್ರ ಸರ್ಕಾರ 6,940 ಕೋಟಿ ರೂಪಾಯಿಯ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಕಾರ್ಖಾನೆಗೆ ಹಣ ಕೊಡುವ ಸರ್ಕಾರ ಅದರ ಬೀಜಕ್ಕೂ ಸ್ವಲ್ಪ ಕೊಡಲಿ.

ಹಾಗಾದರೆ ಬೇಕಾದ್ದೇನು? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಇರುವಕ್ಕಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ಒಂದು ಕೋಣೆ. ಕಲ್ಚರನ್ನು ತಣ್ಣಗೆ ಒಣಗಿಸಿ ಗಾಜಿನ ಕೊಳವೆಯಲ್ಲಿ ಸೀಲು ಮಾಡುವ ಯಂತ್ರ. ಹಾಗೆ ಒಣಗಿಸಿಟ್ಟದ್ದು ಕರೆಂಟಿನ ಹಂಗಿಲ್ಲದೆ ದಶಕಗಟ್ಟಲೆ ಉಳಿಯುತ್ತದೆ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಒಗ್ಗುವ ಉಪಾಯ ಇಲ್ಲ. ಜತೆಗೆ ಮೈನಸ್ 80 ಡಿಗ್ರಿಯ ಒಂದು ಫ್ರೀಜರ್, ಜನರೇಟರ್, ಪ್ರತಿ ಕಲ್ಚರಿನ ಇನ್ನೊಂದು ಪ್ರತಿ ಬೇರೆ ಊರಲ್ಲಿ. ಜೀವಾಣು ಬೆಳೆಸಲು ಹತ್ತು ಲೀಟರಿನ ಒಂದು ಫರ್ಮೆಂಟರ್ ಪಾತ್ರೆ. ನನ್ನ ಅಂದಾಜಿನಲ್ಲಿ ಇಷ್ಟಕ್ಕೂ ಒಂದು ಕಿಲೋಮೀಟರ್ ಕಾಂಕ್ರೀಟ್ ರಸ್ತೆಯ ದುಡ್ಡು ಸಾಕು. ಯಂತ್ರ ಕೊಡಿಸುವುದು ಸುಲಭ, ಉದ್ಘಾಟನೆ ಫೋಟೋವೂ ಆಗುತ್ತದೆ. ಕಷ್ಟದ್ದು ಹುದ್ದೆ. ಸಂಗ್ರಹ ನೋಡಿಕೊಳ್ಳುವ ಒಬ್ಬ ಕಾಯಂ ಕ್ಯುರೇಟರ್, ಒಬ್ಬ ಕಾಯಂ ಟೆಕ್ನೀಷಿಯನ್. ಇವರಿಬ್ಬರು ಇಲ್ಲದಿದ್ದರೆ ಯಂತ್ರವನ್ನೂ ಕೊಡಬೇಡಿ, ಪ್ಲಾಸ್ಟಿಕ್ ಹೊದಿಕೆಯಲ್ಲೇ ತುಕ್ಕು ಹಿಡಿಯುತ್ತದೆ. ಆಮೇಲೆ ಒಂದು ಆದೇಶ: ಜಿಲ್ಲೆಯಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ, ಬಳೆ ತೋರಿಸಿದ ಪ್ರತಿ ಕಲ್ಚರನ್ನೂ ಮಣ್ಣು ತಂದ ಜಾಗ, ತಾರೀಖು ಸಮೇತ ಅಲ್ಲಿ ಒಪ್ಪಿಸಿದ ಮೇಲೆಯೇ ನೋ ಡ್ಯೂ ಸಿಗಬೇಕು. ಲೈಬ್ರರಿ ಪುಸ್ತಕಕ್ಕೆ ಇರುವ ನಿಯಮ ಜೀವಾಣುವಿಗೂ ಇರಲಿ.

ಚಂಡೀಗಢದಲ್ಲಿ, ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಗಳು ಇವೆಯಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇವೆ, ಚೆನ್ನಾಗಿಯೂ ಇವೆ. ಅಲ್ಲಿಗೆ ಹೋಗುವುದು ಗುರುತು ಪತ್ತೆಯಾಗಿ, ದಾಖಲೆ ಸಿದ್ಧವಾದ ತಳಿ. ವಿದ್ಯಾರ್ಥಿಯ ಹಸಿ ಕಲ್ಚರ್ ಅಷ್ಟು ದೂರ ಹೋಗುವ ಅರ್ಹತೆ ಪಡೆಯುವ ಮೊದಲೇ ಸತ್ತಿರುತ್ತದೆ. ಆ ನಡುವಿನ ಕಾಲಕ್ಕೆ ಒಂದು ಆಸರೆ ಬೇಕು.

ಹಕ್ಕಿನ ಮಾತೂ ಇದೆ. ಎರಿತ್ರೋಮೈಸಿನ್ ಬಂದದ್ದು ಫಿಲಿಪ್ಪೀನ್ಸಿನ ಇಲೋಯಿಲೋ ಸೀಮೆಯ ಮಣ್ಣಿನಿಂದ. 1949ರಲ್ಲಿ ಅಬೆಲಾರ್ಡೊ ಅಗಿಲಾರ್ ಎಂಬ ವೈದ್ಯರು ಆ ಮಣ್ಣನ್ನು ಅಮೆರಿಕದ ಕಂಪನಿಗೆ ಕಳಿಸಿದರು. ಊರಿನ ಹೆಸರು ಐಲೋಟೈಸಿನ್ ಎಂದು ಔಷಧಿಯ ಡಬ್ಬಿಯ ಮೇಲೆ ಬಂತು, ರಾಯಧನ ಮಾತ್ರ ಆ ವೈದ್ಯರಿಗೆ ಬರಲಿಲ್ಲ. ನಮ್ಮ 2002ರ ಜೀವವೈವಿಧ್ಯ ಕಾಯ್ದೆ ಸೂಕ್ಷ್ಮಜೀವಿಗಳನ್ನೂ ಜೈವಿಕ ಸಂಪನ್ಮೂಲ ಎಂದೇ ಕರೆದಿದೆ, ಲಾಭದಲ್ಲಿ ಸ್ಥಳೀಯರಿಗೆ ಪಾಲು ಎಂದೂ ಹೇಳಿದೆ. ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೂ ಇವೆ, ಕಾಗದದ ಮೇಲೆ. ಅಲ್ಲಿನ ದಾಖಲಾತಿಯಲ್ಲಿ ಹೊನ್ನೆ, ಮತ್ತಿ, ಅಪ್ಪೆಮಿಡಿ ಬರೆದಿರುತ್ತಾರೆ. ಮಣ್ಣಿನ ಜೀವಾಣು ಬರೆಯಲು ಯಾರ ಬಳಿಯೂ ಮಾಹಿತಿ ಇಲ್ಲ. ಯಾವ ಮಣ್ಣಿಂದ ಯಾವ ತಳಿ, ಯಾವಾಗ ಎಂಬ ದಾಖಲೆ ನಮ್ಮ ಕೈಯಲ್ಲಿ ಇಲ್ಲದಿದ್ದರೆ ನಾಳೆ ಯಾರ ಮುಂದೆ ಪಾಲು ಕೇಳುವುದು?

ಮುಂದಿನ ಕೆಡಿಪಿ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ, ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳಿಂದ ಒಂದು ಜಂಟಿ ಪ್ರಸ್ತಾವ ತರಿಸಿಕೊಳ್ಳಿ. ಎರಡು ಹುದ್ದೆಗಳ ಕಡತ ಹಣಕಾಸು ಇಲಾಖೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿ ನಿಮ್ಮ ಮಾತು ನಡೆಯಬೇಕು. ಈ ವರ್ಷದ ಪ್ರಾಜೆಕ್ಟ್‌ಗೆ ಮಕ್ಕಳು ಮಣ್ಣು ತರುವುದು ಮಳೆ ನಿಂತ ಮೇಲೆ. ಅಷ್ಟರೊಳಗೆ ಒಪ್ಪಿಸುವ ನಿಯಮದ ಆದೇಶವಾದರೂ ಹೊರಬಿದ್ದರೆ, ಈ ಬ್ಯಾಚಿನ ಕಲ್ಚರುಗಳನ್ನು ತಾತ್ಕಾಲಿಕವಾಗಿ ಎಲ್ಲಿಡಬಹುದೆಂದು ನಾವು ಉಪನ್ಯಾಸಕರೇ ಕೂತು ದಾರಿ ಹುಡುಕುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕಿ
ತೀರ್ಥಹಳ್ಳಿ ತಾಲೂಕು